ಹುಳುಮನೆಯ ಪಕ್ಕದಲ್ಲೊಂದು ರೋಟರಿ ಕಾರು

ಕೆಲವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಗಾಬರಿ ಬರುತ್ತದೆ. ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಇಪ್ಪತ್ತು ವರ್ಷ ಕಳೆದವನು. ಹುಟ್ಟಾ ಪುಕ್ಕಲ. ಕುಕ್ಕರ್ ಮೂರನೇ ಸಲ ಕೂಗುವ ಮುಂಚೆಯೇ ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತೇನೆ. ಇಂಥವನು ಇಪ್ಪತ್ತೆರಡು ವರ್ಷ ಕದಲದೆ ನಿಂತ ಕಾರೊಂದನ್ನು ಮನೆಗೆ ತಂದು, ಅದಕ್ಕೆ ಜೀವ ಕೊಡುತ್ತೇನೆಂದು ಹೊರಟರೆ ಏನೇನು ಆಗಬೇಕೋ ಅದೆಲ್ಲ ಆಯಿತು. ಈಗ ನಗುತ್ತಾ ಹೇಳುತ್ತಿದ್ದೇನೆ.

೧. ವಾಸನೆಯ ಕಾನೂನು

ರಾಮನಗರದಲ್ಲಿ ನಮ್ಮ ಗೂಡು ಕೊಂಡು ರೇಷ್ಮೆ ನೂಲು ತೆಗೆಯುವ ಸಾಹೇಬರೊಬ್ಬರಿದ್ದಾರೆ. ಅವರ ಹಿಂದಿನ ಶೆಡ್ಡಿನಲ್ಲಿ ಹಳೇ ಗೋಣಿಚೀಲಗಳ ಕೆಳಗೆ ಒಂದು ಕಾರು ಹೂತುಹೋಗಿತ್ತು. ತಗ್ಗಾದ, ಎರಡೇ ಬಾಗಿಲಿನ, ಜಪಾನಿನ ಸ್ಪೋರ್ಟ್ಸ್ ಕಾರು. ಅವರ ದೊಡ್ಡಪ್ಪ ಯಾವುದೋ ಕಾಲದಲ್ಲಿ ಹೊರದೇಶದಿಂದ ತರಿಸಿದ್ದಂತೆ. ಅದರ ಇಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ, ಕಡಲೆಕಾಯಿ ಆಕಾರದ ಕೋಣೆಯೊಳಗೆ ಮೂರು ಮೂಲೆಯ ಕಬ್ಬಿಣದ ರೋಟರು ಗಿರಗಿರನೆ ಸುತ್ತುತ್ತದೆ ಎಂದು ತಿಳಿದ ದಿನದಿಂದ ನನಗೆ ಬೇರೆ ಧ್ಯಾನವಿರಲಿಲ್ಲ. ಸಾಹೇಬರು ಮರುಮಾತಾಡದೆ ಕೊಟ್ಟರು. ವಾಪಸ್ ಮಾತ್ರ ತರಬಾರದು ಅನ್ನುವುದೊಂದೇ ಅವರ ಶರತ್ತು.

ಶರತ್ತು ನನ್ನ ಹೆಂಡತಿಯ ಬಳಿ ಇನ್ನೂ ಇದ್ದವು. ಬೈರಮಂಗಲದ ಹತ್ತಿರ ನಮ್ಮ ಮನೆ, ಮನೆಗೆ ಅಂಟಿಕೊಂಡು ಅವಳು ರೇಷ್ಮೆಹುಳು ಸಾಕುವ ಹುಳುಮನೆ. ಹಿಂದಿನ ಎರಡು ಬೆಳೆಯಲ್ಲಿ ಸಪ್ಪೆ ರೋಗ ಬಂದು ಹುಳು ತಟ್ಟೆತಟ್ಟೆಯೇ ಸತ್ತುಹೋಗಿತ್ತು. ತಿಪ್ಪೆಗೆ ಸುರಿದು ಬಂದು ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತದ್ದನ್ನು ನೋಡಿದ್ದೇನೆ. ಮೂರನೆಯದೂ ಹೋದರೆ ಹಿಪ್ಪುನೇರಳೆ ಕಿತ್ತು ಹಾಕಿ ತಾನೂ ಹಾರೋಹಳ್ಳಿಯ ಫ್ಯಾಕ್ಟರಿಗೆ ಬರುತ್ತೇನೆ ಅಂದಿದ್ದಳು. ರೇಷ್ಮೆಹುಳಕ್ಕೆ ಹೊಗೆ, ವಾಸನೆ ಯಾವುದೂ ಆಗದು. ಹುಳು ಮನೆಯಲ್ಲಿದ್ದಷ್ಟು ದಿನ ನಮ್ಮಲ್ಲಿ ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ನನಗೆ ಘಮಘಮ ಸೋಪೂ ಇಲ್ಲ. ಅಂಥ ಜಾಗಕ್ಕೆ ಎಣ್ಣೆ ಕುಡಿದು ಹೊಗೆ ಬಿಡುವ ಇಂಜಿನ್ ತಂದಿದ್ದೆ.

ಅವಳು ಕಾರಿನ ಸುತ್ತ ಒಂದು ಸಲ ಬಂದು ಹೇಳಿದಳು, "ಹುಳ ಒಳಗಿದ್ದಾಗ ಇದು ಉಸಿರು ಬುಡಕೂಡ್ದು. ಒಂದ್ ಹುಳ ಸೊಪ್ಪು ಬುಟ್ಟು ತಲೆ ಎತ್ತಿದ್ರೂ ಗಾಡಿ ಗುಜರಿಗೆ, ನೀವು ನಿಮ್ಮಕ್ಕನ ಮನೆಗೆ."

ನಾನು ತಲೆಯಾಡಿಸಿದೆ. ಮದುವೆ ದಿನ ಪುರೋಹಿತರು ಕೇಳಿದ್ದಕ್ಕೂ ಅಷ್ಟು ನಿಯತ್ತಾಗಿ ತಲೆಯಾಡಿಸಿರಲಿಲ್ಲ.

೨. ಕಳುವಾದ ಪಿಸ್ಟನ್

ಆ ಹೊತ್ತಿಗೆ ಹುಳುಮನೆ ಖಾಲಿ. ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಸುಣ್ಣ ಬಳಿದು ಒಣಗಲು ಬಿಟ್ಟಿದ್ದಳು. ಈ ಸಂದಿನಲ್ಲೇ ಇಂಜಿನ್ ಬಿಚ್ಚಿ ಮುಗಿಸೋಣವೆಂದು ರಾಮನಗರದಿಂದ ಹಳೇ ಮೆಕ್ಯಾನಿಕ್ಕೊಬ್ಬರನ್ನು ಕರೆತಂದೆ. ಜೀಪು, ಟ್ರ್ಯಾಕ್ಟರು, ಪಂಪ್‌ಸೆಟ್ಟು, ಏನು ಕೊಟ್ಟರೂ ಕಿವಿಗೊಟ್ಟು ಕೇಳಿಯೇ ರೋಗ ಹೇಳುವವರು. ನಾನು ಅವರಿಗೆ ರೋಟರಿಯ ವಿಷಯ ಹೇಳಲಿಲ್ಲ. ಹೇಳಿದರೆ ಬರುವುದಿಲ್ಲವೆಂಬ ಭಯ.

ಬಾನೆಟ್ ಎತ್ತಿ ನೋಡಿದರು. ಬಗ್ಗಿ ನೋಡಿದರು. ಕೆಳಗೆ ಗೋಣಿ ಹಾಸಿ ಮಲಗಿ ನೋಡಿದರು. ಹೆಡ್ ಎಲ್ಲಿ ಅಂದರು, ಇಲ್ಲ ಅಂದೆ. ವಾಲ್ವ್ ಎಲ್ಲಿ ಅಂದರು, ಅದೂ ಇಲ್ಲ ಅಂದೆ. ಪಿಸ್ಟನ್ ಕೇಳಿ, ಅದಕ್ಕೂ ಇಲ್ಲವೆಂಬ ಉತ್ತರ ಬಂದಾಗ ಎದ್ದು ಕೂತು ಬೀದಿಯ ಎರಡೂ ಕಡೆ ನೋಡಿದರು. ಆಮೇಲೆ ದನಿ ಇಳಿಸಿ ಕೇಳಿದರು, "ಯಜಮಾನ್ರೇ, ಕಂಪ್ಲೇಂಟ್ ಕೊಟ್ಟಿದ್ದೀರಾ?"

ಅರ್ಧ ಇಂಜಿನ್ನನ್ನು ಯಾರೋ ಹೊಡೆದುಕೊಂಡು ಹೋಗಿದ್ದಾರೆ, ನಾಳೆ ಪೊಲೀಸರು ಬಂದರೆ ಕೊನೆಯದಾಗಿ ಮುಟ್ಟಿದವನು ತಾನೇ ಆಗುತ್ತೇನೆ ಎಂದು ಅವರ ಲೆಕ್ಕ. ನಾನು ಹಾಳೆಯ ಮೇಲೆ ತ್ರಿಕೋನ ಬರೆದು ವಿವರಿಸಿದಷ್ಟೂ ಅವರಿಗೆ ಅನುಮಾನ ಜಾಸ್ತಿಯಾಯಿತು. ಬ್ರೇಕಿನ ಸಿಲಿಂಡರುಗಳನ್ನು ಮಾತ್ರ ಬಿಚ್ಚಿ, ಬಿಸ್ಕತ್ ಡಬ್ಬಿಯಲ್ಲಿ ಸೀಮೆಎಣ್ಣೆಗೆ ನೆನೆಹಾಕಿ, ಹೊಸ ಸೀಲು ಸಿಕ್ಕಾಗ ಕರೆಯಿರಿ ಅಂದು ಹೊರಟರು. ಹೊರಡುವ ಮುಂಚೆ ತಮ್ಮ ಸ್ಕೂಟರಿನ ಇಂಜಿನ್ ಇದೆಯೋ ಇಲ್ಲವೋ ಅಂತ ಒಂದು ಸಲ ಬಗ್ಗಿ ನೋಡಿಕೊಂಡರು.

೩. ಗೇಟಿನಲ್ಲಿ ರೋಟರು

ಕೊನೆಗೆ ನಾನೇ ಬಿಚ್ಚಿದೆ. ರೋಟರಿನ ಮೂಲೆಯ ಸೀಲುಗಳು ತುಕ್ಕು ಹಿಡಿದು ಕೂತಿದ್ದವು. ಸೀಲು ಕೂರುವ ಸಂದಿನ ಅಳತೆ ಸರಿಯಾಗಿ ತೆಗೆಯಲು ಮನೆಯಲ್ಲಿ ಸಾಮಾನಿಲ್ಲ. ಒಂದು ರೋಟರನ್ನು ಉಜ್ಜಿ ಟವೆಲ್‌ನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿಟ್ಟು ಕಾರ್ಖಾನೆಗೆ ಒಯ್ದೆ. ಮುದ್ದೆ ಡಬ್ಬಿ ಮೇಲೆ, ರೋಟರು ಕೆಳಗೆ. ಊಟದ ಹೊತ್ತಿನಲ್ಲಿ ಅಳತೆ ತೆಗೆದೆ. ಯಾರೂ ನೋಡಲಿಲ್ಲ.

ನಮ್ಮ ಗೇಟಿನಲ್ಲಿ ಒಳಗೆ ಹೋಗುವವರನ್ನು ಯಾರೂ ಕೇಳುವುದಿಲ್ಲ, ಹೊರಗೆ ಬರುವವರ ಬ್ಯಾಗನ್ನು ಮಾತ್ರ ಬಿಡುವುದಿಲ್ಲ. ಇಪ್ಪತ್ತು ವರ್ಷ ಆ ಗೇಟು ದಾಟಿದವನಿಗೆ ಇದು ನೆನಪಾದದ್ದು ಸೆಕ್ಯೂರಿಟಿಯವನು ನನ್ನ ಬ್ಯಾಗನ್ನು ಎತ್ತಲಾಗದೆ ಎರಡು ಕೈ ಹಾಕಿದಾಗ. ಅವನು ಟವೆಲ್ ಬಿಚ್ಚಿದ. ಹೊಳೆಯುವ ಕಬ್ಬಿಣ ಕಂಡಿತು. ಕದ್ದ ಮಾಲು ಸಿಕ್ಕಿದವನಿಗೆ ನಮ್ಮಲ್ಲಿ ಮಾರನೇ ದಿನ ಹಾಜರಿ ಇಲ್ಲ.

ಸೂಪರ್‌ವೈಸರನ್ನು ಕರೆಸಿದರು. ಅವರು ರೋಟರನ್ನು ಕೈಯಲ್ಲಿ ತಿರುಗಿಸಿ, ಬೆರಳಿನಿಂದ ಸವರಿ, ಬೆಳಕಿಗೆ ಹಿಡಿದು ಐದು ನಿಮಿಷ ನೋಡಿದರು. ನನ್ನ ಕಾಲು ಆಗಲೇ ಅಕ್ಕನ ಮನೆಯ ದಾರಿ ಹಿಡಿದಿತ್ತು. ಆಮೇಲೆ ಅವರು ಸೆಕ್ಯೂರಿಟಿಯವನಿಗೆ ಬೇಸರದಿಂದ ಹೇಳಿದರು, "ಬುಡಪ್ಪ ಅವನ್ನ. ಇಷ್ಟು ಅಚ್ಚುಕಟ್ಟಾಗಿ ನಮ್ ಫ್ಯಾಕ್ಟ್ರೀಲಿ ಯಾರ್ ಮಾಡ್ತಾರೆ."

೪. ಒಂದು ಕಣ್ಣು

ಆ ಅಳತೆಗೆ ಹೊಸ ಸೀಲು ಹಾಕಿದ ಮೇಲೆ ಇಂಜಿನ್ ಮತ್ತೆ ಕೂತಿತು. ಅಷ್ಟರಲ್ಲಿ ಮೂರನೇ ಬೆಳೆಯ ಹುಳುವೂ ಬಂದಿತ್ತು. ಇನ್ನು ಸ್ಟಾರ್ಟ್ ಮಾಡುವಂತಿಲ್ಲ, ಬರೀ ವೈರು ನೋಡೋಣವೆಂದು ಎಲ್ಲಿಂದಲೋ ಒಂದು ಹಳೇ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದೆ. ಈ ಕಾರಿನ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಮಡಚಿಕೊಂಡು ಮಲಗಿರುತ್ತವೆ, ಕರೆಂಟು ಬಂದರೆ ಏಳುತ್ತವೆ. ನನಗೆ ಗೊತ್ತಿತ್ತು, ಎದುರಿಗೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಡತಿಗೆ ಗೊತ್ತಿರಲಿಲ್ಲ. ಕಿರ್ರ್ ಎಂದು ಒಂದೇ ಒಂದು ಕಣ್ಣು ನಿಧಾನವಾಗಿ ಎದ್ದು ಅವಳನ್ನೇ ನೋಡಿತು.

ಹೊರೆ ಅಲ್ಲೇ ಬಿತ್ತು. ಇಪ್ಪತ್ತೆರಡು ವರ್ಷ ಸತ್ತಿದ್ದು ಕಣ್ಣು ಬಿಟ್ಟರೆ ಒಳ್ಳೆಯದಲ್ಲ, ಪೂಜೆ ಮಾಡಿಸಲೇಬೇಕೆಂದು ಹಟ ಹಿಡಿದಳು. ಸರಿ, ಮಾಡೋಣ ಅಂದೆ. ಆದರೆ ಹುಳು ಒಳಗಿದೆ. ಊದುಬತ್ತಿ ಕೂಡದು, ಕರ್ಪೂರ ಕೂಡದು, ಸಾಂಬ್ರಾಣಿಯ ಮಾತೇ ಇಲ್ಲ, ಮಲ್ಲಿಗೆಯೂ ಘಾಟು ಅಂದಳು. ಕೊನೆಗೆ ಅರಿಶಿನ, ಕುಂಕುಮ, ತೆಂಗಿನಕಾಯಿಯಷ್ಟೇ ಉಳಿದವು. ಕಾಯಿಯನ್ನೂ ಸದ್ದಾಗದಂತೆ ಒಡೆಯಲು ಹೇಳಿದಳು. ನಮ್ಮ ಮನೆದೇವರಿಗೂ ಅವಳ ಭಯ ಇರಬೇಕು, ಯಾವ ಆಕ್ಷೇಪಣೆಯೂ ಬರಲಿಲ್ಲ.

೫. ಹೊಗೆ

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಐದು ದಿನವಾಗಿತ್ತು. ಹಣ್ಣಾಗಿ ಗೂಡು ಕಟ್ಟಲು ಇನ್ನೆರಡು ದಿನ. ಎರಡು ದಿನ ಕಾದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಸೀಟಿಗೆ ಬಿಸಿಲು ಕಾಣಿಸಿ ಬರುತ್ತೇನೆಂದು ಹೆಂಡತಿಗೆ ಸುಳ್ಳು ಹೇಳಿ, ಅವಳ ಅಣ್ಣನನ್ನು ಕರೆದುಕೊಂಡು ಕಾರನ್ನು ಅರ್ಧ ಕಿಲೋಮೀಟರ್ ದೂರದ ಕಣಕ್ಕೆ ತಳ್ಳಿದೆ. ಬ್ರೇಕಿನ ಸಿಲಿಂಡರುಗಳು ಇನ್ನೂ ಬಿಸ್ಕತ್ ಡಬ್ಬಿಯಲ್ಲೇ ಇದ್ದವು, ಹ್ಯಾಂಡ್ ಬ್ರೇಕಿನ ಕೇಬಲ್ ಎಂದೋ ತುಂಡಾಗಿತ್ತು. ಹಾಗಾಗಿ ಭಾವ ಪಕ್ಕದಲ್ಲೇ ಕಲ್ಲು ಹಿಡಿದು ನಡೆದು, ನಿಲ್ಲಿಸಬೇಕಾದಾಗ ಚಕ್ರಕ್ಕೆ ಕೊಡುತ್ತಿದ್ದರು. ತಳ್ಳಿಕೊಟ್ಟು ಅವರು ತಮ್ಮ ಮನೆಗೆ ಹೋದರು.

ರಾಗಿ ಹೊಟ್ಟು ಹಿಡಿ ತೂರಿ ನೋಡಿದೆ. ಗಾಳಿ ಕೆರೆಯ ಕಡೆಗಿತ್ತು. ಕೀ ತಿರುಗಿಸಿದೆ. ಮೂರನೇ ಸಲಕ್ಕೆ, ತಗಡಿನ ಶೀಟು ಹರಿದಂಥ ಸದ್ದು ಬಂದು ಇಂಜಿನ್ ಹತ್ತಿಕೊಂಡಿತು. ಜೋಡಿಸುವಾಗ ನಾನು ಒಳಗೆ ಸುರಿದಿದ್ದ ಎಣ್ಣೆಯೆಲ್ಲ ನೀಲಿ ಹೊಗೆಯಾಗಿ ಮೇಲೆದ್ದಿತು. ನಿಜ ಹೇಳುತ್ತೇನೆ, ಖುಷಿಗೆ ಅತ್ತುಬಿಟ್ಟೆ. ಕಣ್ಣು ಒರೆಸಿಕೊಂಡು ನೋಡಿದರೆ ಗಾಳಿ ತಿರುಗಿದೆ. ಮೋಡದಂತಾದ ಹೊಗೆ ಸೀದಾ ನಮ್ಮ ಮನೆಯ ದಾರಿ ಹಿಡಿದಿದೆ.

ಓಡಿದೆ. ಇಂಜಿನ್ ಆಫ್ ಮಾಡಲಿಲ್ಲ. ಮಾಡಿದರೆ ಮತ್ತೆ ಹತ್ತುವುದೋ ಇಲ್ಲವೋ ಎಂಬ ಭಯ ಆ ಭಯದಲ್ಲೂ ಇತ್ತು. ಮನೆ ಮುಟ್ಟುವಷ್ಟರಲ್ಲಿ ಹೆಂಡತಿ ಹುಳುಮನೆಯ ಕಿಟಕಿಗಳಿಗೆಲ್ಲ ಒದ್ದೆ ಸೀರೆ, ಒದ್ದೆ ಕಂಬಳಿ, ನನ್ನ ಫ್ಯಾಕ್ಟರಿ ಯೂನಿಫಾರಂ, ಕೈಗೆ ಸಿಕ್ಕಿದ್ದೆಲ್ಲ ನೇತುಹಾಕಿದ್ದಳು. ನನ್ನನ್ನು ನೋಡಿದ್ದೇ ತೋಳು ಹಿಡಿದು ಬಾಗಿಲ ಕಡೆಗೆ ಎಳೆದಳು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಇಬ್ಬರೂ ಒಳಗೆ ಹೋದೆವು. ಕೊನೆಯ ದಿನಗಳಲ್ಲಿ ಹುಳು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದಂತಿರುತ್ತದೆ. ಅವತ್ತು ಸದ್ದೇ ಇಲ್ಲ. ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಬಿದ್ದಿತ್ತು. ಒಂದು ಹುಳ ತಲೆ ಎತ್ತಿದರೂ ಅಂದಿದ್ದಳಲ್ಲ, ತಟ್ಟೆತಟ್ಟೆಯಲ್ಲೂ ಸಾವಿರಾರು ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಎರಡು ಬೆಳೆ ರೋಗ ತಿಂದಿತ್ತು, ಮೂರನೆಯದನ್ನು ನನ್ನ ಕೈಯಾರೆ ಕೊಂದಿದ್ದೆ.

ಅವಳು ಒಂದು ಹುಳುವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಮೈಯೆಲ್ಲ ದ್ರಾಕ್ಷಿಯಂತೆ ತಿಳಿಯಾಗಿತ್ತು. ಇನ್ನೊಂದನ್ನು ಎತ್ತಿದಳು, ಅದೂ ಹಾಗೇ.

"ಹಣ್ಣಾಗವೆ," ಅಂದಳು. "ಎರಡ್ ದಿನ ಮುಂಚೇನೇ ಹಣ್ಣಾಗವೆ. ಸತ್ತಿಲ್ಲ."

ನಾನು ಅಲ್ಲೇ ಕುಸಿದು ಕೂತೆ. ಕೂರಲು ಸಮಯವಿಲ್ಲ ಅಂತ ಅವಳು ಎಬ್ಬಿಸಿದಳು. ಹಣ್ಣಾದ ಹುಳು ಮೇವು ಬಿಟ್ಟು, ಗೂಡಿಗೆ ಜಾಗ ಹುಡುಕುತ್ತಾ ತಲೆ ಎತ್ತುತ್ತದೆ, ಕಾಯುವುದಿಲ್ಲ. ಗೂಡು ಕಟ್ಟಲು ಬಿದಿರಿನ ಚಾಪೆಯಂಥ ಚಂದ್ರಿಕೆಗೆ ಕೂಡಲೇ ಬಿಡಬೇಕು, ಇಲ್ಲದಿದ್ದರೆ ನೂಲನ್ನೆಲ್ಲ ತಟ್ಟೆಯ ಮೇಲೇ ಸುರಿಸಿ ಹಾಳಾಗುತ್ತವೆ. ಚಂದ್ರಿಕೆಗಳು ಎರಡು ಕಿಲೋಮೀಟರ್ ಆಚೆ ಅವಳ ಅಣ್ಣನ ಮನೆಯಲ್ಲಿ. ಟೆಂಪೊದವನಿಗೆ ಹೇಳಿದ್ದು ನಾಡಿದ್ದಿಗೆ. ಫೋನ್ ಮಾಡಿದರೆ ಅವನು ಕನಕಪುರದಲ್ಲಿದ್ದ. ಅವಳು ಫೋನ್ ಇಟ್ಟು ಕಿವಿ ನಿಮಿರಿಸಿದಳು. ದೂರದ ಕಣದಿಂದ ತಗಡು ಹರಿಯುವ ಸದ್ದು ಬರುತ್ತಲೇ ಇತ್ತು.

"ಅದು ಇನ್ನೂ ಓಡ್ತಾ ಐತಾ?"

"ಐತೆ," ಅಂದೆ.

"ಮತ್ತೆ ಏನ್ ನೋಡ್ತಾ ನಿಂತಿದ್ದೀರಾ? ನಡೀರಿ."

ಬ್ರೇಕು ಬಿಸ್ಕತ್ ಡಬ್ಬಿಯಲ್ಲಿದೆ ಅಂತ ಆಗ ಹೇಳಬೇಕಿತ್ತು. ಹೇಳಲು ಹೆದರಿದೆ. ಅವಳು ಹುಳು ಆಯಲು ಅಕ್ಕಪಕ್ಕದ ಹೆಂಗಸರನ್ನು ಕರೆದು ಒಳಗೆ ಬಿಟ್ಟು, ನನ್ನ ಜೊತೆ ಕಣಕ್ಕೆ ಬಂದು ಕಾರಿನಲ್ಲಿ ಕೂತಳು. ಭಾವನ ಮನೆಗೆ ಹೋಗುವ ದಾರಿ ಪೂರ್ತಿ ಏರು. ಮನೆ ಮುಂದೆ ಆಕ್ಸಿಲರೇಟರಿನಿಂದ ಕಾಲು ಎತ್ತಿದ ಕೂಡಲೇ ಕಾರು ತಾನಾಗಿ ನಿಂತಿತು, ಭಾವ ಓಡಿಬಂದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು. ಗಾಡಿ ತಿರುಗಿಸಿ, ಈಗ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹತ್ತು ಚಂದ್ರಿಕೆ ಮೇಲೆ ಕಟ್ಟಿದರು. ಉಳಿದದ್ದನ್ನು ಎತ್ತಿನ ಗಾಡಿಯಲ್ಲಿ ತರುತ್ತೇನೆ ಅಂದರು. ತಂಗಿ ಮತ್ತೆ ಒಳಗೆ ಕೂತದ್ದನ್ನು ಕಂಡು ಏನೋ ಹೇಳಲು ಬಾಯಿ ತೆರೆದರು. ನಾನು ಸ್ಟೀರಿಂಗ್ ಕೆಳಗಿನಿಂದ ಕೈ ಮುಗಿದೆ. ಅವರು ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ, ಕಲ್ಲು ತೆಗೆದರು.

ಹೋಗುವಾಗ ಏರಾಗಿದ್ದದ್ದು ಬರುವಾಗ ಇಳಿಜಾರು. ಒಂದು ಕಣ್ಣು ಎದ್ದು ನಿಂತ ಕಾರು, ತಲೆ ಮೇಲೆ ಚಂದ್ರಿಕೆ, ಹಿಂದೆ ನೀಲಿ ಹೊಗೆ. ದಾರಿಯಲ್ಲಿದ್ದ ಕುರಿಗಳು ತಾವಾಗಿಯೇ ಬೇಲಿ ಹತ್ತಿದವು. ನಾನು ರಾಮದೇವರ ಬೆಟ್ಟದ ರಾಮನಿಂದ ಹಿಡಿದು ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇವಳು ಒಂದು ಕೈ ಹೊರಗೆ ಹಾಕಿ ಹಗ್ಗ ಹಿಡಿದು, ಒಸಿ ಜೋರಾಗಿ ಹೋಗಿ, ಹುಳ ಕಾಯಕ್ಕಿಲ್ಲ ಅನ್ನುತ್ತಿದ್ದಳು.

ಕಣ ಕಂಡಿತು. ಕಣದ ಅಂಚಿಗೆ, ಹುಳು ಮೇಯ್ದು ಉಳಿದ ಹಿಪ್ಪುನೇರಳೆ ಕಡ್ಡಿಯ ರಾಶಿ ಆಳೆತ್ತರ ಬಿದ್ದಿತ್ತು. ಸ್ಟೀರಿಂಗ್ ತಿರುಗಿಸಿ ಕಣ್ಣು ಮುಚ್ಚಿಕೊಂಡೆ. ಕಾರು ಬಾಗಿಲವರೆಗೂ ಕಡ್ಡಿಯೊಳಗೆ ಹೊಕ್ಕು ಇಂಜಿನ್ ಆಫ್ ಆಯಿತು. ಇವಳು ಇಳಿದು, ತಲೆಯ ಮೇಲಿನ ಎಲೆ ಕೊಡವಿ, ಕಾರನ್ನೂ ಹುಳುಮನೆಯ ದಿಕ್ಕನ್ನೂ ನೋಡಿದಳು. ಹೊಗೆ ತಾಗದಷ್ಟು ದೂರದಲ್ಲಿ, ರಾಶಿಯ ಮರೆಗೆ, ಚಂದ್ರಿಕೆ ಒಂದೂ ಅಲುಗದಂತೆ ನಿಲ್ಲಿಸಿದ್ದೀರಿ ಎಂದು ಮೆಚ್ಚಿಕೊಂಡಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು. ನಾನು ಸ್ಟೀರಿಂಗ್ ಬಿಡದೆ ಕೂತಲ್ಲೇ ಕೂತಿದ್ದೆ.

ಆ ಬೆಳೆ ಗಟ್ಟಿಯಾಗಿ ಬಂತು. ಹಿಪ್ಪುನೇರಳೆ ತೋಟ ಉಳಿಯಿತು, ಕಾರೂ ಉಳಿಯಿತು. ಆಮೇಲೆ ಮೆಕ್ಯಾನಿಕ್ಕರನ್ನು ಗುಟ್ಟಾಗಿ ಕರೆಸಿ ಬ್ರೇಕು ಹಾಕಿಸಿದೆ. ಹುಳು ಇಲ್ಲದ ದಿನ ನೋಡಿ ಹೆಂಡತಿಯನ್ನು ಕೂರಿಸಿಕೊಂಡು ಮಾಗಡಿವರೆಗೂ ಹೋಗಿಬರುತ್ತೇನೆ. ಆದರೆ ಅವಳಿಗೆ ಸಮಾಧಾನವಿಲ್ಲ. ಮೊನ್ನೆ ಅವಳ ಅಣ್ಣನ ಎದುರಿಗೇ ಅಂದಳು, "ಅವತ್ತು ಎಷ್ಟ್ ಚೆನ್ನಾಗ್ ಓಡ್ಸಿದ್ರಿ. ಈಗೀಗ ಏನಾಗೈತೋ, ಮಾತೆತ್ತಿದ್ರೆ ನಿಲ್ಲಿಸ್ತೀರ."