ದೊಡ್ಡೋನು ಹೊಡೀಬಾರ್ದು

ಎರಡು ಸಾವಿರದ ಇಸವಿಯಾದ ಮೇಲಿನ ಮಾತು. ತಮಿಳುನಾಡು ಗಡಿಯ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನನಗೆ ಕೆಲಸ. ಸಂಜೆ ಹಿಂದುಗಡೆ ಶೆಡ್ಡಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದೆ. ಟೀ ಅಂಗಡಿಯವನು ಟಿ.ವಿ.ಯಲ್ಲಿ ಬಾಕ್ಸಿಂಗ್ ನೋಡಿ ದಿನಾ ಕೇಳುವನು: "ಮುಂಚೆ ಹೆವಿವೇಟು, ಈ ದಪ್ಪನೋರ ಬಾಕ್ಸಿಂಗು, ಅಂದ್ರೆ ಒಬ್ಬನೇ ರಾಜ. ಈಗ ವಾರಕ್ಕೊಬ್ಬ ಬತ್ತಾನೆ, ಹೋಯ್ತಾನೆ. ಯಾಕ್ ಸಾರ್?" ಲೋಕದ ವಿಷಯ ನನಗೆ ಗೊತ್ತಿಲ್ಲ. ನಮ್ಮ ಶೆಡ್ಡಿನಲ್ಲಿ ನಡೆದದ್ದನ್ನು ಹೇಳಬಲ್ಲೆ.

ಬಾಗಲೂರಿನ ಕಟ್ಟಾಳು

ಸಣಕಲು ಹುಡುಗರು ಬೇಕಾದಷ್ಟು ಬರುತ್ತಿದ್ದರು. ದಪ್ಪನೆಯವರು ಮಾತ್ರ ಸಿಗುತ್ತಿರಲಿಲ್ಲ. ಬಾಗಲೂರಿನಲ್ಲಿ ಒಬ್ಬ ಕಟ್ಟಾಳು ಇದ್ದಾನೆಂದು ಕೇಳಿ ಅವರ ಮನೆಗೇ ಹೋದೆ. ನಿಂತರೆ ಬಾಗಿಲು ತುಂಬುವಂಥ ಆಳು. ನನಗೆ ಬಾಯಲ್ಲಿ ನೀರೂರಿತು. ಅವನ ಅಪ್ಪ ಕೇಳಿದ:

"ಅಲ್ಲಿ ಏನ್ ಮಾಡ್ಬೇಕು ಸಾರ್?"

"ಹೊಡೀಬೇಕು. ಒಂದೊಂದ್ಸಲ ಹೊಡಿಸ್ಕೋಬೇಕು."

"ಏನ್ ಕೊಡ್ತೀರಾ?"

"ಗೆದ್ರೆ ಕಪ್ಪು, ಸರ್ಟಿಫಿಕೇಟು."

ಅಪ್ಪ ಮಗನ ಕಡೆ ಕೈ ತೋರಿಸಿದ. "ಇವ್ನು ಕಂಪ್ನಿ ಗೇಟ್ ಹತ್ರ ಸುಮ್ಕೆ ಕುರ್ಚಿ ಹಾಕ್ಕೊಂಡು ಕೂತ್ರೆ ಯೂನಿಫಾರ್ಮ್ ಕೊಟ್ಟು ಸಂಬಳಾನೂ ಕೊಡ್ತಾರೆ. ಅಲ್ಲಿ ಯಾರೂ ಹೊಡಿಯಲ್ಲ."

ಮಾರನೆಯ ತಿಂಗಳು ಅವನು ನಮ್ಮ ಗೇಟಿನಲ್ಲೇ ಕೂತಿದ್ದ. ತಡವಾಗಿ ಹೋದರೆ ನನ್ನನ್ನೇ ತಡೆಯುತ್ತಿದ್ದ.

ಹೊಡೆಯದ ಚಾಂಪಿಯನ್

ಕೊನೆಗೆ ಸಿಕ್ಕವನು ನಮ್ಮಲ್ಲೇ ಕಾಂಟ್ರಾಕ್ಟ್ ಮೇಲೆ ಲೋಡಿಂಗ್ ಮಾಡುತ್ತಿದ್ದ ಜವಳಗಿರಿಯವನು. ಆನೆ ಓಡಾಡುವ ಊರಿನವನು, ಮೈಯೂ ಊರಿಗೆ ತಕ್ಕಂತಿತ್ತು. ಫ್ಯಾಕ್ಟರಿಗಳ ನಡುವಿನ ಪಂದ್ಯದಲ್ಲಿ ಅವನ ತೂಕಕ್ಕೆ ಎದುರಾಳಿಯೇ ಇರುತ್ತಿರಲಿಲ್ಲ. ಪ್ರತಿ ವರ್ಷ ರಿಂಗ್ ಹತ್ತುವನು, ಗೆದ್ದನೆಂದು ರೆಫರಿ ಅವನ ಕೈ ಎತ್ತುವರು, ಕಪ್ ಹಿಡಿದು ಇಳಿಯುವನು. ಅಭ್ಯಾಸದಲ್ಲೂ ಯಾರಿಗೂ ಹೊಡೆದವನಲ್ಲ. ಸಣ್ಣವರು ಅವನಿಗೆ ಗುದ್ದಿದರೆ, "ಕೈ ನೋವಾಯ್ತೇನ್ಲಾ?" ಅಂತ ಅವರನ್ನೇ ವಿಚಾರಿಸುತ್ತಿದ್ದ.

ಯಾಕೆಂದು ಕೇಳಿದೆ. "ಚಿಕ್ಕೋನಾಗಿದ್ದಾಗ ಒಬ್ಬನಿಗೆ ಹೊಡ್ದೆ ಸಾರ್. 'ನೀನು ದೊಡ್ಡೋನು, ಹೊಡೀಬಾರ್ದು' ಅಂತ ಅವ್ವ ಮೂಲೇಲಿ ನಿಲ್ಸಿದ್ಲು. ಆವತ್ತಿಗೇ ಬಿಟ್ಟೆ."

ಒಂದು ದಿನ ಆ ಅವ್ವ ಮುದ್ದೆ ಸಾರು ಹೊತ್ತುಕೊಂಡು ಶೆಡ್ಡಿಗೇ ಬಂದಳು. "ನೀವು ದೊಡ್ಡೋರು ಸಾರ್. ಯಾರಿಗೂ ಹೊಡೀಬ್ಯಾಡ ಅಂತ ಇವ್ನಿಗೆ ನೀವೂ ಒಂದ್ ಮಾತು ಹೇಳಿ."

ಬಾಕ್ಸಿಂಗ್ ಮೇಷ್ಟ್ರಾದ ನಾನು "ಆಗ್ಲಮ್ಮ" ಅಂದೆ.

ಮೂಲೆ

ಅವನಿಗೆ ತೊರಪಲ್ಲಿ ಕಡೆಯ ಹೆಣ್ಣು ಗೊತ್ತಾಯಿತು. "ಪರ್ಮನೆಂಟ್ ಆಗ್ಲಿ, ಆಮೇಲೆ ಮದ್ವೆ" ಅಂದುಬಿಟ್ಟರು ಹೆಣ್ಣಿನ ಕಡೆಯವರು. ಮ್ಯಾನೇಜರ್ ಹತ್ತಿರ ಹೋದೆ. "ಈ ಸಲ ಹೊಡೆದು ಗೆದ್ರೆ ಪರ್ಮನೆಂಟ್. ಸುಮ್ನೆ ಕೈ ಎತ್ತಿಸ್ಕೊಂಡು ಬಂದ್ರೆ ಆಗಲ್ಲ" ಅಂದರು. ಅದೇ ವರ್ಷ ಕೃಷ್ಣಗಿರಿಯಿಂದ ಅವನಷ್ಟೇ ದಪ್ಪನೆಯವನೊಬ್ಬ ಪಂದ್ಯಕ್ಕೆ ಬಂದ.

ಪಂದ್ಯದ ದಿನ ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೃಷ್ಣಗಿರಿಯವನು ಗುದ್ದುತ್ತಲೇ ಇದ್ದ. ನಮ್ಮವನು ಏಟು ತಿನ್ನುತ್ತಲೇ ಇದ್ದ. ಜನ ತಮಿಳಲ್ಲಿ "ಅಡಿಡಾ" ಅಂದರು, ತೆಲುಗಲ್ಲಿ "ಕೊಟ್ಟರಾ" ಅಂದರು, ಕನ್ನಡದಲ್ಲಿ "ಹೊಡಿ ಕಣ್ಲಾ" ಅಂದರು. ಮೂರು ಭಾಷೆಯಲ್ಲಿ ಹೇಳಿದರೂ ಅವನು ಕೇಳಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದ. ನಾನೇ ಹೋಗಿ ಅವ್ವನಿಗೆ ಮದುವೆಯ ವಿಷಯ ನೆನಪಿಸಿದೆ. ಅವಳು ಎದ್ದು ನಿಂತಳು.

"ಇದೊಂದ್ಸಲ ಹೊಡಿ ಕಣ್ಲಾ, ಪರ್ವಾಗಿಲ್ಲ."

ಒಂದೇ ಏಟು. ಕೃಷ್ಣಗಿರಿಯವನು ಅಂಗಾತ ಮಲಗಿದ.

ನಮ್ಮವನು ಗಾಬರಿಯಾಗಿ ಅವನ ಪಕ್ಕದಲ್ಲೇ ಕೂತು, "ಜಾಸ್ತಿ ಆಯ್ತಾಣ್ಣ?" ಅಂತ ಬೆವರು ಒರೆಸತೊಡಗಿದ. ಹೊಡೆದವನು ಖಾಲಿ ಮೂಲೆಗೆ ಹೋಗಿ ನಿಲ್ಲುವವರೆಗೆ ರೆಫರಿ ಎಣಿಸುವಂತಿಲ್ಲ. "ಮೂಲೆಗೆ ಹೋಗು" ಅಂತ ರೆಫರಿ ಬೇಡಿಕೊಂಡರು. ನಾನೂ ಕೂಗಿದೆ. ಇವನು ಗಾಳಿ ಹಾಕುತ್ತಿದ್ದ. ಬಿದ್ದವನು ಕಣ್ಣು ಬಿಡುವುದರಲ್ಲಿದ್ದ. ಕೆಲಸವೂ ಹೋಯಿತು, ಮದುವೆಯೂ ಹೋಯಿತು ಅಂದುಕೊಂಡೆ.

ಆಗ ಅವ್ವ ಗದರಿದಳು. "ಹೊಡ್ದ ಮ್ಯಾಲೆ ಎಲ್ಲಿ ನಿಂತ್ಕೋಬೇಕು, ಮರ್ತೋಯ್ತೇನ್ಲಾ?"

ಅವನು ಸರಕ್ಕನೆ ಎದ್ದು ಮೂಲೆಗೆ ಹೋಗಿ, ಕಂಬದ ಕಡೆ ಮುಖ ಮಾಡಿ, ಕೈ ಕಟ್ಟಿ ನಿಂತ. ರೆಫರಿ ಹತ್ತು ಎಣಿಸಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಕೆಲಸ ಪರ್ಮನೆಂಟ್ ಆಯಿತು.

ಗೆದ್ದವನ ಕೈ ಎತ್ತಬೇಕಲ್ಲ, ರೆಫರಿ ಕರೆದರು. ಅವನು ತಿರುಗಲಿಲ್ಲ. ನಾನೇ ರಿಂಗ್ ಹತ್ತಿ, "ಬಾರೋ, ಗೆದ್ದೆ ಕಣೋ" ಅಂದೆ.

ಕಂಬ ನೋಡುತ್ತಲೇ ಅವನು ಮೆಲ್ಲಗೆ ಹೇಳಿದ: "ಅವ್ವ ಇನ್ನೂ ಬಾ ಅಂದಿಲ್ಲ ಸಾರ್."