ತಾತನ ಹೂಂ

ಕತೆ ಬರೆಯುವವರ ತಲೆಯಲ್ಲಿ ಸದಾ ಚಿಲುಮೆ ಉಕ್ಕುತ್ತಿರುತ್ತದೆ ಎಂದು ನಂಬಿರುವವರನ್ನು ಕಂಡರೆ ನನಗೆ ಕನಿಕರ. ನನ್ನದು ಚಿಲುಮೆಯಲ್ಲ, ಲಾರಿಯ ಟ್ಯಾಂಕು. ಒಂದಿಷ್ಟು ದೂರ ಓಡಿ, ಕೆಮ್ಮಿ, ನಿಂತುಬಿಡುತ್ತದೆ. ಊರಿಗೆ ಮೊಬೈಲ್ ಇನ್ನೂ ಕಾಲಿಡದ ಕಾಲದಲ್ಲಿ ನಾನು ಹಾಸನದ ಒಂದು ವಾರಪತ್ರಿಕೆಗೆ ಮಾಯಾಲೋಕದ ಧಾರಾವಾಹಿ ಬರೆಯುತ್ತಿದ್ದೆ. ಟ್ಯಾಂಕು ಬರಿದಾದಾಗಲೆಲ್ಲ ಬಸ್ಸು ಹತ್ತಿ ಬಾಳ್ಳುಪೇಟೆಗೆ ಹೋಗಿ ಟೀ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದೆ. ಮಂಗಳೂರಿನ ಕಡೆ ಇಳಿಯುವ ಲಾರಿಗಳ ಬೆನ್ನೇ ನನಗೆ ಚಿತ್ರಶಾಲೆ. ನಾಲಿಗೆ ಚಾಚಿದ ರಾಕ್ಷಸ, ಹೆಡೆಯ ಮೇಲೆ ದೀಪ ಹೊತ್ತ ಹಾವು, ಹೆಂಗಸಿನ ಕಣ್ಣಿರುವ ಹುಲಿ. ನನ್ನ ಕಾದಂಬರಿಯ ಅರ್ಧ ಸೈನ್ಯ ಭರ್ತಿಯಾದದ್ದು ಹೀಗೆ.

ಆದರೆ ಆ ಸಲದ ತೊಂದರೆಗೆ ಯಾವ ಲಾರಿಯೂ ಸಾಕಾಗಲಿಲ್ಲ. ನನ್ನ ದೊರೆಮಗಳು ಬೆಟ್ಟದ ಬಂಡೆಯೊಳಗಿನ ಬಾಗಿಲು ದಾಟಿ ಒಳಗೆ ಹೋಗಿದ್ದಳು, ಬಾಗಿಲು ಮುಚ್ಚಿಕೊಂಡಿತ್ತು, ಅವಳನ್ನು ಹೊರಗೆ ತರುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಏಕೆಂದರೆ ಆ ಕತೆ ನನ್ನದಲ್ಲ, ನಮ್ಮ ಸಣ್ಣಜ್ಜಿಯದು. ಚಿಕ್ಕವನಿದ್ದಾಗ ಪ್ರತಿ ಸಲವೂ ಬಾಗಿಲು ಮುಚ್ಚಿದ ಕೂಡಲೇ ನಾನು ನಿದ್ದೆ ಹೋಗುತ್ತಿದ್ದೆ. ಹಾನುಬಾಳಿನ ಎಸ್ಟಿಡಿ ಬೂತಿನಿಂದ ಫೋನ್ ಮಾಡಿದರೆ ಸಂಪಾದಕರು, "ನಿಮ್ಮ ಹುಡುಗಿ ಈ ವಾರ ಬರದಿದ್ದರೆ ಆ ಪುಟಕ್ಕೆ ಉಪ್ಪಿನಕಾಯಿ ಹಾಕುವ ವಿಧಾನ ಬರುತ್ತದೆ. ಆಮೇಲೆ ಅದೇ ಮುಂದುವರಿಯುತ್ತದೆ" ಎಂದರು. ಅವರ ದನಿಯನ್ನು ಮನೆಯಲ್ಲಿ ಯಥಾವತ್ತಾಗಿ ಮಾಡಿ ತೋರಿಸಿದೆ. ಸುಶೀಲತ್ತಿಗೆ ನಕ್ಕು, "ಉಪ್ಪಿನಕಾಯಿನೇ ವಾಸಿ ಬುಡು. ಅದಕ್ಕೆ ಕೊನೆ ಆದ್ರೂ ಐತೆ" ಎಂದಳು.

ಸಣ್ಣಜ್ಜಿಯನ್ನು ಕೇಳಿದರೆ ಆಯಿತಲ್ಲ ಎನ್ನುತ್ತೀರಿ. ಕೇಳಿದೆ. ಕಾಫಿ ಬೀಜ ಕೂಡಿಡುವ ಸ್ಟೋರಿನಲ್ಲಿ ಮೊರ ಹಿಡಿದು ಕೆಟ್ಟ ಕರಿಬೀಜ ಆರಿಸುತ್ತಿದ್ದ ಅಜ್ಜಿ ತಲೆಯೆತ್ತದೆ, "ಹೂಂ ಅನ್ನೋರು ಯಾರವ್ರೆ?" ಎಂದಳು. ನಮ್ಮ ಕಡೆ ಕತೆ ಹೇಳಬೇಕಾದರೆ ಎದುರಿಗೆ ಒಬ್ಬರು ಕುಳಿತು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ಇಲ್ಲದೆ ಕತೆ ಹೇಳಿದರೆ ಅದು ಯಾರ ಕಿವಿಗೂ ಸೇರದೆ ಮನೆಯಲ್ಲೇ ಅಲೆಯುತ್ತಿರುತ್ತದಂತೆ. ಅಜ್ಜಿಗೆ ಜೀವಮಾನವಿಡೀ ಹೂಂಗುಟ್ಟಿದವನು ಅವಳ ಗಂಡ ನಿಂಗೇಗೌಡ ತಾತ. ಸ್ಟೋರಿನ ಬಾಗಿಲ ಬಳಿಯ ಮರದ ಕುರ್ಚಿಯಲ್ಲಿ ಕೂತು, ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಆಮೇಲೆ ಹೂಂ. ಕತೆಯಲ್ಲಿ ಯಾರಾದರೂ ಸತ್ತರೆ ಆ ಹೂಂ ಸ್ವಲ್ಪ ತಡವಾಗಿ ಬರುತ್ತಿತ್ತು. ಹಿಂದಿನ ವರ್ಷ ತಾತ ತೀರಿಕೊಂಡ ಮೇಲೆ ಅಜ್ಜಿ ಕತೆ ಹೇಳುವುದನ್ನೇ ಬಿಟ್ಟಿದ್ದಳು. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ.

"ನಾನ್ ಅಂತೀನಿ ಅಜ್ಜಿ, ಹೂಂ."

"ಥೂ! ನಿಂದು ಕಂಡಕ್ಟರ್ ರೈಟ್ ಅಂದಂಗೈತೆ. ಹೋಗತ್ಲಾಗೆ."

ಆಗ ನನಗೆ ಬಂದ ಯೋಚನೆ ನಿಮಗೂ ಬಂದಿರಬೇಕು. ಊರಿನ ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೆಮ್ಮು, ಅತ್ತಿಗೆ ಕೋಳಿ ಕರೆಯುವ ರಾಗ, ಕೆ. ಹೊಸಕೋಟೆಯ ಭಾವನ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ತಾತನ ಹೂಂ ಅಂತೂ ನನ್ನ ಹೆಸರುವಾಸಿ ಐಟಂ. ಸ್ವತಃ ತಾತನೇ ಕೇಳಿ, "ನಿನ್ ದನೀನ ನಿಂಗೆ ಯಾರೂ ಮಾಡಿ ತೋರ್ಸಿಲ್ಲ ನೋಡು, ಅದ್ಕೇ ಇಷ್ಟ್ ಹಾರಾಡ್ತೀಯ" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದ.

ಮಾರನೆಯ ದಿನ ಊಟವಾದ ಮೇಲೆ ಸ್ಟೋರಿನ ಅಟ್ಟ ಹತ್ತಿ ಗೋಣಿಚೀಲಗಳ ಹಿಂದೆ ಮಲಗಿದೆ. ಹೊರಗೆ ಕಣದಲ್ಲಿ ಕಾಫಿ ಒಣಗುತ್ತಿತ್ತು, ಬಿಸಿಲು ಕಣ್ಣು ಬಿಡಲಾಗದಷ್ಟು ಬೆಳ್ಳಗಿತ್ತು. ಅಂಥ ಬೆಳಕಿನಲ್ಲಿ ಭಯಪಡುವುದಕ್ಕೆ ಏನೂ ಇರುವುದಿಲ್ಲವೆಂದು ನಾನೂ ನಂಬಿದ್ದೆ. ಕೆಳಗೆ ಅಜ್ಜಿ ಮೊರ ಕೊಡವುತ್ತಿದ್ದಳು. ಕೆನ್ನೆಯೊಳಗೆ ನಾಲಿಗೆ ಸರಿಸಿ, ಮೆಲ್ಲಗೆ ಅಂದೆ: "ಹೂಂ."

ಮೊರ ನಿಂತಿತು. ಅಜ್ಜಿ ಸುತ್ತ ನೋಡಲಿಲ್ಲ, ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು, ನಿನ್ನೆ ನಿಲ್ಲಿಸಿದ್ದನ್ನು ಮುಂದುವರಿಸುವವಳಂತೆ ಶುರುಮಾಡಿದಳು.

"ಬಾಗ್ಲು ಮುಚ್ಕಳ್ತು. ದೊರೆಮಗಳು ಒಳಗೇ ಉಳದ್ಲು."

"ಹೂಂ."

"ಆಚೆಗಡೆ ಒಂದು ಬಂತು. ಅದಕ್ಕೆ ಮೈ ಇಲ್ಲ, ಮಕ ಇಲ್ಲ, ಬರೀ ಬಾಯಿ. ಅವರಪ್ಪನ ದನೀಲಿ ಕರೀತು, ಮಗಳೇ ಬಾ ಅಂತ. ಅವರಪ್ಪ ಸತ್ತು ಬೋ ಕಾಲ ಆಗಿತ್ತು."

"ಹೂಂ" ಎಂದೆ, ತಡವಾಗಿ. ಕಲೆಯಲ್ಲಿ ನಾನು ಪ್ರಾಮಾಣಿಕ.

"ಅವ್ವನ ದನೀಲಿ ಕರೀತು, ಸಾಕಿದ ದಾದಿ ದನೀಲಿ ಕರೀತು. ಒಳಗಿಂದ ಅವಳಂದ್ಲು, ಎಲ್ಲಾರ್ ದನೀನೂ ಆಯ್ತಲ್ಲ, ಈಗ ನಿನ್ ದನೀಲಿ ಒಂದ್ಸಲ ಕರಿ, ಬತ್ತೀನಿ. ಅದು ಬಾಯಿ ತೆಗೀತು. ಒಂದಾದ್ಮೇಲೊಂದು ಊರಿನೋರ್ ದನಿಯೆಲ್ಲ ಈಚೆಗ್ ಬಂತು. ಅದರದು ಮಾತ್ರ ಇರ್ಲೇ ಇಲ್ಲ."

ಅಟ್ಟದ ಮೇಲೆ ನಾನು ನಾಲಿಗೆ ಸರಿಸುವುದನ್ನೇ ಮರೆತೆ. ಹೂಂ ಅನ್ನಬೇಕಿತ್ತು, ಆಗಲಿಲ್ಲ. ಅಜ್ಜಿ ಕಾಯುತ್ತಿದ್ದಳು. ಆಗ ಕೆಳಗೆ, ಬಾಗಿಲ ಬಳಿಯಿಂದ, ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿದ ಸದ್ದು. ಆಮೇಲೆ,

"ಹೂಂ."

ಗೋಣಿಚೀಲದ ಸಂದಿಯಿಂದ ಬಗ್ಗಿ ನೋಡಿದೆ. ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು. ಬೇರೇನೂ ಇರಲಿಲ್ಲ. ಅಜ್ಜಿ ಅತ್ತ ತಲೆಯಾಡಿಸಿ ಕತೆ ಮುಗಿಸಿದಳು: ಆ ಬಾಯಿ ತನ್ನ ದನಿ ಹುಡುಕಿಕೊಂಡು ಕಾಡಿಗೆ ಹೋಯಿತು, ಬಾಗಿಲು ತೆರೆಯಿತು, ದೊರೆಮಗಳು ಹೊರಗೆ ಬಂದಳು. ಆಮೇಲೆ ಅಟ್ಟದ ಕಡೆ ನೋಡದೆಯೇ ಕೂಗಿದಳು: "ಇಳಿಯೋ ಪರ್ಮೇಶಿ, ಧೂಳು ಕುಡ್ದು ಸತ್ತೀಯ."

ಇಳಿದೆ. "ಅಜ್ಜಿ, ನಿಂಗ್ ಗೊತ್ತಿತ್ತಾ?"

"ಗೊತ್ತಾಗ್ದೆ ಏನು ಮಾರಾಯ? ನೀನು ಮೂಗಲ್ಲಿ ಅಂತೀಯ. ಅವ್ರು ಹೊಟ್ಟೆಯಿಂದ ಅನ್ನೋರು. ನೀನ್ ಅಂತಿದ್ರೆ ತಡೀಲಾರ್ದೆ ಅವ್ರೇ ಬತ್ತಾರೆ ಅಂತ ಶುರು ಮಾಡ್ದೆ." ಹಾಗೆಂದು ಕಣ್ಣೊರೆಸಿಕೊಂಡು ಮೊರ ಎತ್ತಿಕೊಂಡಳು. ಇಡೀ ವರ್ಷ ಅವಳು ಕಾಯುತ್ತಿದ್ದದ್ದು ಕತೆ ಕೇಳುವವರಿಗಲ್ಲ ಎಂದು ಆಗ ಹೊಳೆಯಿತು.

ದೊರೆಮಗಳು ಆ ವಾರ ಹೊರಗೆ ಬಂದಳು. ಸಂಪಾದಕರು ಹಿಗ್ಗಿ, ಬರೀ ಬಾಯಿಯ ಆ ಪ್ರಾಣಿ ಎಲ್ಲಿಂದ ಹೊಳೆಯಿತು ಎಂದು ಕೇಳಿದರು. ನಮ್ಮ ಮನೆಯ ಕನ್ನಡಿಯಿಂದ ಎಂದು ಹೇಳಲು ನಾಚಿಕೆಯಾಯಿತು.

ಅಂದಿನಿಂದ ಅಜ್ಜಿಯದು ಒಂದೇ ಹಟ. "ಇನ್ನೊಂದು ಕತೆ ಬೇಕಾ? ನಿನ್ ಸ್ವಂತ ಹೂಂ ತಗೊಂಬಾ." ಅಭ್ಯಾಸ ಮಾಡಿದೆ. ಸಂಪಾದಕರ ಹೂಂ ಬಂತು, ರೈಟರದು ಬಂತು, ಒಂದು ಸಲ ಎಮ್ಮೆಯದೂ ಬಂತು. ನನ್ನದು ಎಲ್ಲಿಟ್ಟಿದ್ದೇನೆಂದು ನನಗೇ ನೆನಪಿಲ್ಲ.

ಒಂದು ಮಧ್ಯಾಹ್ನ ಅಜ್ಜಿಗೇ ಕನಿಕರ ಹುಟ್ಟಿ, "ಕೂತ್ಕೋ" ಎಂದು ತಾತನ ಕುರ್ಚಿ ತೋರಿಸಿದಳು. ಹೆದರುತ್ತಲೇ ಕೂತೆ. ಅತ್ತಿಗೆಯೂ ಮೊರ ಹಿಡಿದು ಪಕ್ಕದಲ್ಲಿದ್ದಳು. "ಒಂದೂರಲ್ಲಿ ಒಬ್ಬ ದೊರೆ ಇದ್ದ" ಎಂದಳು ಅಜ್ಜಿ. ನಾನು ಯಾರ ದನಿ ತೆಗೆಯಲಿ ಎಂದು ತಡಕಾಡುತ್ತಿದ್ದೆ, ಬಾಯಿ ಇನ್ನೂ ತೆರೆದಿರಲಿಲ್ಲ. ಅಟ್ಟದ ಮೇಲಿಂದ, ಗೋಣಿಚೀಲಗಳ ಹಿಂದಿನಿಂದ, ತೆಳ್ಳಗೆ, ಮೂಗಿನಲ್ಲಿ, ಕಂಡಕ್ಟರ್ ರೈಟ್ ಅಂದಂತೆ, "ಹೂಂ."

ಅತ್ತಿಗೆಯ ಕೈಯಿಂದ ಮೊರ ಜಾರಿತು. ಆಮೇಲೆ ನನ್ನ ಮುಖ ನೋಡಿ, ಮೇಲೆ ನೋಡಿ, ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಥೇಟ್ ನಿಂದೇ ಕಣೋ!" ಅಜ್ಜಿಯಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಾ, "ಅವ್ರೂ ಮಾಡಿ ತೋರ್ಸುದ್ರು ನೋಡು" ಎಂದಳು.

ನನ್ನ ಕೂದಲು ಇನ್ನೂ ನಿಂತೇ ಇತ್ತು. ಆದರೂ ನಿಜ ಹೇಳಬೇಕೆಂದರೆ, ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಸಿಟ್ಟು: ಅಷ್ಟೊಂದು ಕೆಟ್ಟದಾಗಿಲ್ಲ ನನ್ನ ದನಿ.