ಮ್ಯಾಕ್ಸಿಮರ ಇಂಜಿನ್ ನಿಲ್ಲಿಸಿದ್ದು

ಎಲ್ಲ ಶುರುವಾದದ್ದು ಒಂದಿಷ್ಟು ಎಣ್ಣೆ ಹೆಚ್ಚಾದದ್ದರಿಂದ. ಹೊಸ ಅಳಿಯನ ಎಲೆಗೆ ಅತ್ತೆ ಪಾಯಸ ಸುರಿದ ಹಾಗೆ, ಮ್ಯಾಕ್ಸಿಮ್ ಆ ಭಾನುವಾರ ತಮ್ಮ ಹಾಯಿದೋಣಿಯ ಡೀಸೆಲ್ ಇಂಜಿನಿಗೆ ಧಾರಾಳವಾಗಿ ಆಯಿಲ್ ಸುರಿದರು.

ಬಹರೈನಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಕಿಟಕಿಯಿಂದ ಶ್ರೀಮಂತರ ಹಾಯಿದೋಣಿಗಳನ್ನು ನೋಡಿ ಆಸೆಪಟ್ಟವರು ಅವರು. ಊರವರು ಗೌರವದಿಂದ ಪೊರ್ಬುಗಳೆಂದು ಕರೆಯುವ ಅವರು, ಊರಿಗೆ ಮರಳಿದ ಮೇಲೆ ಗೋವಾದಿಂದ ಹಳೆಯದೊಂದನ್ನು ತಂದು ಕಾಪುವಿನ ಹತ್ತಿರ ಹೊಳೆಯಲ್ಲಿ ಕಟ್ಟಿದ್ದರು. ಹೆಂಡತಿ ಲೊರ್ನಾಳಿಗೆ ಅದು ಸವತಿಯಷ್ಟೇ ಪ್ರಿಯ. ಇವತ್ತೇನಾದರೂ ಎಡವಟ್ಟಾದರೆ ದೋಣಿ ಮಾರಲೇಬೇಕು ಎಂದು ಹೇಳಿಯೇ ಆಕೆ ಅನಾನಸ್, ಚೂರಿ, ಹಲಗೆಯ ಬುಟ್ಟಿ ಹಿಡಿದು ಹತ್ತಿದ್ದಳು. ಕರೆಯದೆಯೂ ಹತ್ತಿದವರು ನೆರೆಮನೆಯ ಲಿಯೋನೆಲ್. ಮಣಿಪಾಲದಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ ಇದ್ದುದರಿಂದ, ಜಗತ್ತಿನ ಸಕಲ ಇಂಜಿನುಗಳ ಮರ್ಮ ತನಗೆ ಗೊತ್ತುಂಟು ಎಂಬುದು ಅವರ ನಂಬಿಕೆ.

ಹೊಳೆಯ ನಡುವೆ ಒಳ್ಳೆಯ ಗಾಳಿ ಬಂತು. ಹಾಯಿ ಏರಿಸೋಣವೆಂದು ಮ್ಯಾಕ್ಸಿಮ್ ಗೇರ್ ತಪ್ಪಿಸಿ, ಇಂಜಿನ್ ನಿಲ್ಲಿಸುವ ಹಿಡಿ ಎಳೆದರು. ಇಂಜಿನ್ ನಿಲ್ಲಲಿಲ್ಲ. ಬದಲಿಗೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚತೊಡಗಿತು. ಡೀಸೆಲ್ ಕೊಳವೆ ಮುಚ್ಚಿದರು. ಕಿರುಚಾಟ ಇನ್ನೂ ಏರಿತು. ಹಿಂದುಗಡೆಯಿಂದ ದಟ್ಟ ಹೊಗೆ ಎದ್ದು ದಡದ ತೆಂಗಿನಮರಗಳೇ ಕಾಣದಾದವು.

ಈಗ ಇಂಜಿನ್ ಡೀಸೆಲ್ ಬಿಟ್ಟು, ಹೊಟ್ಟೆಯಲ್ಲಿ ಹೆಚ್ಚಾಗಿದ್ದ ಆಯಿಲನ್ನೇ ಕುಡಿದು ಓಡುತ್ತಿದೆ ಎಂದು ಮ್ಯಾಕ್ಸಿಮರಿಗೆ ಹೊಳೆದಿತ್ತು. ಹೀಗೇ ಬಿಟ್ಟರೆ ಸಿಡಿದು ಚೂರಾಗುತ್ತದೆ. ಇಬ್ಬರನ್ನೂ ದೋಣಿಯ ಮುಂತುದಿಗೆ ಅಟ್ಟಿದರು.

ಲಿಯೋನೆಲ್ ಅಲ್ಲಿಂದಲೇ ಬ್ಯಾಟರಿ ವಯರ್ ಕೀಳಲು ಹೇಳಿದರು. ಕಿತ್ತದ್ದಾಯಿತು, ಏನೂ ಆಗಲಿಲ್ಲ. ಹಾಗಾದರೆ ಹೊಳೆಯ ನೀರು ಹೊಯ್ಯೋಣ ಎಂದು ಅವರು ಬಾಲ್ದಿ ಹಿಡಿದು ಬಂದರು. ಹೊಯ್ದರೆ ಇಂಜಿನ್ನೂ ಹೋಗುತ್ತದೆ, ನಾವೂ ಹೋಗುತ್ತೇವೆ ಎಂದು ಮ್ಯಾಕ್ಸಿಮ್ ಬಾಲ್ದಿ ಕಿತ್ತುಕೊಂಡರು.

ಲೊರ್ನಾ ಮುಂತುದಿಯಿಂದ ಕೂಗಿ ಕೇಳಿದಳು, "ಅದಕ್ಕೆ ಉಸಿರು ಬೇಡ್ವಾ? ಮೂಗು ಮುಚ್ಚಿ ನೋಡಿ."

ಮ್ಯಾಕ್ಸಿಮ್ ಗಾಳಿ ಎಳೆಯುವ ಬಾಯಿಗೆ ಅಂಗೈ ಒಡ್ಡಲು ಬಗ್ಗಿದವರು ಥಟ್ಟನೆ ನಿಂತರು. ಬಂದರಿನಲ್ಲಿ ಹೀಗೇ ಕೆರಳಿದ ಜನರೇಟರಿಗೆ ಕೈ ಒಡ್ಡಿದವನೊಬ್ಬ ಆಸ್ಪತ್ರೆ ಸೇರಿದ್ದನ್ನು ಅವರು ಕಂಡಿದ್ದರು. ಲಿಯೋನೆಲ್ ತಮ್ಮ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿಕೊಟ್ಟರು. ಬಟ್ಟೆಯಾದರೆ ಇಂಜಿನ್ ನುಂಗಿಬಿಡುತ್ತದೆ. ಬೇಕಾದದ್ದು ಗಟ್ಟಿಯಾದ್ದು, ಚಪ್ಪಟೆಯಾದ್ದು.

"ಲೊರ್ನಾ, ಅನಾನಸ್ ಕೊಯ್ಯುವ ಹಲಗೆ ಇಲ್ಲಿ ಬಿಸಾಡು!"

ಹಲಗೆ ಬಂತು. ಮ್ಯಾಕ್ಸಿಮ್ ಇಂಜಿನಿಗೆ ಮುಖ ಕೊಡದೆ ಪಕ್ಕದಲ್ಲಿ ನಿಂತು, ಅದನ್ನು ಇಂಜಿನಿನ ಬಾಯಿಗೆ ಅಡ್ಡ ಹಿಡಿದರು. ಹಲಗೆ ಗಪ್ಪನೆ ಅಂಟಿಕೊಂಡಿತು. ಇಂಜಿನ್ ಒಮ್ಮೆ ಬಿಕ್ಕಿತು, ನಡುಗಿತು, ನಿಂತಿತು. ಹೊಳೆಯ ಮೇಲೆ ಕಾಗೆಯ ಕೂಗು ಕೇಳುವಷ್ಟು ಮೌನ.

ಹುಟ್ಟು ಹಾಕುತ್ತಾ ದಡ ಸೇರುವಷ್ಟರಲ್ಲಿ ಮೂವರೂ ಇದ್ದಿಲು ಸುಡುವವರಂತೆ ಕಪ್ಪಾಗಿದ್ದರು. ಬೈಯಲು ಲೊರ್ನಾಳಿಗೆ ಅವಕಾಶವೇ ಸಿಗಲಿಲ್ಲ. ದೋಣಿ ನಾಳೆಯೇ ಮಾರುತ್ತೇನೆ, ಆ ಇಂಜಿನ್ ಇನ್ನು ಮುಟ್ಟಿದರೆ ಕೇಳು ಎಂದು ಮ್ಯಾಕ್ಸಿಮ್ ಮನೆಯ ಅಲ್ತಾರಿನ ಶಿಲುಬೆಯ ಮುಂದೆ ತಾವಾಗಿಯೇ ಆಣೆ ಇಟ್ಟರು.

ಸಂಜೆ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದರು. ಮುಂದೆ ನಿಂತವಳು ಹೊಳೆಬದಿಯ ವಾರ್ಡಿನ ಪಂಚಾಯತ್ ಸದಸ್ಯೆ ಮೋಹಿನಿ. ಇಡೀ ಊರಿಗೆ ಹೊಗೆ ಹಾಕಿದ್ದಕ್ಕೆ ಜಗಳಕ್ಕೇ ಬಂದಿದ್ದಾರೆಂದು ಮ್ಯಾಕ್ಸಿಮ್ ಕೈಮುಗಿದುಕೊಂಡೇ ಹೊರಗೆ ಬಂದರು.

ಮೋಹಿನಿಯ ಮುಖ ಅರಳಿತ್ತು. ಹೊಳೆಬದಿಯಲ್ಲಿ ಮಲೇರಿಯಾ ಶುರುವಾದಂದಿನಿಂದ ಸೊಳ್ಳೆಗೆ ಹೊಗೆ ಬಿಡುವ ಮಿಷನ್ ಬೇಕೆಂದು ಪಂಚಾಯತಿನಲ್ಲಿ ಕೇಳಿ ಕೇಳಿ ಸೋತಿದ್ದಳಂತೆ. ಇವತ್ತು ಸಂಜೆ ಮಾತ್ರ ಹೆಸರಿಗೂ ಒಂದು ಸೊಳ್ಳೆ ಇಲ್ಲವಂತೆ.

"ಬುಧವಾರ ನಮ್ಮ ಆಚೆ ದಡಕ್ಕೂ ದೋಣಿ ತರಬೇಕು, ಪೊರ್ಬುಗಳೇ" ಎಂದಳು. "ಆದರೆ ಒಂದು ಮಾತು. ಇವತ್ತಿನ ಹಾಗೆ ಅಷ್ಟು ಬೇಗ ನಿಲ್ಲಿಸಬೇಡಿ."